ಕಳೆದುಹೋದ ಹದಿನೇಳು ದಿನಗಳ ಕಿರ್ದಿ: ಐಸಿಯುನಿಂದ ಮನೆಗೆ ಬಂದವರ ಮನಸ್ಸನ್ನು ಕಾಯುವ ಬಗೆ

ನಮ್ಮ ಅಣ್ಣ ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವನು. ಇಪ್ಪತ್ತೆರಡು ವರ್ಷಗಳ ಅನುಭವ. ಐವತ್ತು ಚೀಲಗಳ ತೂಕವನ್ನು ಪೆನ್ನಿನ ತುದಿ ಜಾರಿಸುತ್ತಲೇ ಕೂಡಿ ಮೊತ್ತ ಬರೆಯುತ್ತಿದ್ದ. 2021ರ ಮೇ ತಿಂಗಳಲ್ಲಿ ಕೋವಿಡ್ ನ್ಯುಮೋನಿಯಾ ಆಗಿ ಹದಿನೇಳು ದಿನ ಐಸಿಯುನಲ್ಲಿದ್ದ, ಅದರಲ್ಲಿ ಒಂಬತ್ತು ದಿನ ವೆಂಟಿಲೇಟರ್ ಮೇಲೆ. ಮನೆಗೆ ಬಂದ ನಾಲ್ಕನೆಯ ದಿನ ಹಾಲಿನವನ ಬಾಕಿ ಲೆಕ್ಕ ಮಾಡಲು ಕುಳಿತ. ದಿನಕ್ಕೆ ಒಂದೂವರೆ ಲೀಟರ್, ಹನ್ನೆರಡು ದಿನ. ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕೊನೆಗೆ ಪೆನ್ನನ್ನು ಅತ್ತಿಗೆಯ ಕೈಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

ನೋಡಲು ಬಂದವರೆಲ್ಲ ಒಂದೇ ಮಾತು: ಜೀವ ಉಳಿಯಿತಲ್ಲ, ಇನ್ನೇನು ಬೇಕು. ಆ ಮಾತು ಸುಳ್ಳಲ್ಲ. ಆದರೆ ಆಸ್ಪತ್ರೆಯಿಂದ ಮನುಷ್ಯ ಮೊದಲು ಬರುತ್ತಾನೆ. ಅವನ ನೆನಪು, ಲೆಕ್ಕ, ಧೈರ್ಯ ಹಿಂದಿನ ಬಸ್ಸಿಗೆ ಬರುತ್ತವೆ. ಆ ಬಸ್ಸು ಬರುವವರೆಗೆ ಮನೆಯವರು ಏನು ಮಾಡಬೇಕು ಎಂದು ನಮಗೆ ಬಿಡುಗಡೆಯ ದಿನ ಯಾರೂ ಹೇಳಲಿಲ್ಲ. ತಪ್ಪು ಮಾಡಿ ಕಲಿತದ್ದು, ಆಮೇಲೆ ವೈದ್ಯರನ್ನು ಕೇಳಿ ತಿದ್ದಿಕೊಂಡದ್ದು ಇಲ್ಲಿದೆ. ಕೋವಿಡ್ ಆಗಲಿ, ಎಚ್1ಎನ್1 ಆಗಲಿ, ಡೆಂಗಿ ಬಿಗಡಾಯಿಸಿ ಐಸಿಯು ಸೇರಿದ್ದಾಗಲಿ, ಬಹುಪಾಲು ಎಲ್ಲಕ್ಕೂ ಹೊಂದುತ್ತದೆ.

ಇದಕ್ಕೊಂದು ಹೆಸರಿದೆ

ವೈದ್ಯರು ಇದನ್ನು ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್ ಎನ್ನುತ್ತಾರೆ. ಐಸಿಯುನಿಂದ ಬದುಕಿ ಬಂದವರಲ್ಲಿ ಉಳಿಯುವ ಮೈಯ ನಿಶ್ಶಕ್ತಿ, ಬುದ್ಧಿಯ ಮಂಕು, ಮನಸ್ಸಿನ ಕಳವಳ, ಈ ಮೂರನ್ನೂ ಸೇರಿಸಿ 2010ರ ಸುಮಾರಿಗೆ ಇಟ್ಟ ಹೆಸರು. ರಕ್ತದಲ್ಲಿ ಆಮ್ಲಜನಕ ಕುಸಿದದ್ದು, ಮೈಯೆಲ್ಲ ಹಬ್ಬಿದ ಉರಿಯೂತ, ಮಂಪರಿನ ಔಷಧ, ಹಗಲು ರಾತ್ರಿ ತಿಳಿಯದ ದೀಪದ ಬೆಳಕು, ಮುರಿದ ನಿದ್ದೆ, ಎಲ್ಲವೂ ಸೇರಿ ಮೆದುಳನ್ನು ದಣಿಸಿರುತ್ತವೆ. ಇದರ ಜೊತೆಗೆ ಸನ್ನಿ. ನಮ್ಮ ಅಜ್ಜಿ ಜ್ವರ ನೆತ್ತಿಗೇರಿದವರನ್ನು ಕಂಡು 'ಸನ್ನಿ ಆಗಿದೆ' ಎನ್ನುತ್ತಿದ್ದಳು. ವೈದ್ಯರ ಡೆಲಿರಿಯಂ ಅದೇ. ಕೂಗಾಡಿ ನಳಿಕೆ ಕೀಳುವವರಿಗಷ್ಟೇ ಸನ್ನಿ ಎಂದುಕೊಳ್ಳಬೇಡಿ. ಸುಮ್ಮನೆ ಚಾವಣಿ ನೋಡುತ್ತ ಮಲಗಿದವರಿಗೂ ಅದು ಇರುತ್ತದೆ, ಯಾರ ಗಮನಕ್ಕೂ ಬಂದಿರುವುದಿಲ್ಲ.

ಅಮೆರಿಕದಲ್ಲಿ ಐಸಿಯು ಸೇರಿದ್ದ 821 ಜನರನ್ನು ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೋವಿಡ್‌ಗಿಂತ ಮುಂಚಿನದು, ನಾನಾ ಕಾಯಿಲೆಗಳಿಂದ ಉಸಿರಾಟ ಸೋತವರು, ರಕ್ತದೊತ್ತಡ ಕುಸಿದು ಶಾಕ್‌ಗೆ ಒಳಗಾದವರು ಅದರಲ್ಲಿದ್ದರು. ಮೂರು ತಿಂಗಳಾದ ಮೇಲೆ ಪರೀಕ್ಷಿಸಿದಾಗ ನೂರಕ್ಕೆ ನಲವತ್ತು ಜನರ ಬುದ್ಧಿಶಕ್ತಿಯ ಅಂಕ ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ವರ್ಷ ಕಳೆದ ಮೇಲೂ ನೂರಕ್ಕೆ ಮೂವತ್ತನಾಲ್ಕು ಜನ ಅಲ್ಲೇ ಇದ್ದರು. ಸನ್ನಿ ಹೆಚ್ಚು ದಿನ ಇದ್ದವರ ಸ್ಥಿತಿ ಹೆಚ್ಚು ಕೆಟ್ಟಿತ್ತು, ವಯಸ್ಸಾದವರು, ಹರೆಯದವರು ಎಂಬ ಭೇದವಿರಲಿಲ್ಲ. ಹೆದರಿಸಲು ಈ ಅಂಕಿ ಹೇಳುತ್ತಿಲ್ಲ. 'ಕೆಲಸ ಮಾಡಲು ಮನಸ್ಸಿಲ್ಲ, ಅದಕ್ಕೇ ಮರೆವಿನ ನಾಟಕ' ಎಂದು ಮನೆಯಲ್ಲಿ ಯಾರಾದರೂ ಅಂದರೆ ಅವರಿಗೆ ಹೇಳಲು ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಹಾಗೆ ಅಂದವನು ನಾನೇ.

ಆಸ್ಪತ್ರೆ ಬಿಡುವ ದಿನ ಕೇಳಬೇಕಾದದ್ದು

ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಇದು ತಪ್ಪಿಹೋಗುತ್ತದೆ. ಡಿಸ್ಚಾರ್ಜ್ ಚೀಟಿಯನ್ನು ಕೈಯಲ್ಲಿ ಹಿಡಿದು ನಾಲ್ಕು ಪ್ರಶ್ನೆ ಕೇಳಿ: ಎಷ್ಟು ದಿನ ವೆಂಟಿಲೇಟರ್ ಮೇಲಿದ್ದರು? ಸನ್ನಿ ಆಗಿತ್ತೇ, ಎಷ್ಟು ದಿನ? ಮೆದುಳಿನ ಸ್ಕ್ಯಾನ್ ಮಾಡಿದ್ದಾರೆಯೇ, ಅಪಸ್ಮಾರ ಬಂದಿತ್ತೇ? ನಿದ್ದೆಗೆಂದೋ ಗಲಾಟೆ ತಡೆಯಲೆಂದೋ ಐಸಿಯುನಲ್ಲಿ ಶುರು ಮಾಡಿದ ಮಾತ್ರೆಗಳಲ್ಲಿ ಯಾವುದು ಇನ್ನೂ ಚೀಟಿಯಲ್ಲಿದೆ, ಅದು ಎಲ್ಲಿಯವರೆಗೆ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಐಸಿಯುನಲ್ಲಿ ನಾಲ್ಕು ದಿನಕ್ಕೆಂದು ಬರೆದ ಮಾತ್ರೆ, ನಿಲ್ಲಿಸಿ ಎಂದು ಹೇಳುವವರಿಲ್ಲದೆ ತಿಂಗಳುಗಟ್ಟಲೆ ಮುಂದುವರಿಯುವುದುಂಟು. ನಿದ್ದೆ ಮಾತ್ರೆಗಳಲ್ಲಿ ಕೆಲವು ನೆನಪನ್ನೇ ಮಂಕುಗೊಳಿಸುತ್ತವೆ. ಹಾಗೆಂದು ನೀವೇ ಒಮ್ಮೆಲೇ ನಿಲ್ಲಿಸಬಾರದು. ಸ್ಟೀರಾಯ್ಡ್ ಆದರಂತೂ ಇಳಿಸುವ ಕ್ರಮವನ್ನು ವೈದ್ಯರೇ ಹೇಳಬೇಕು. ಸ್ಟೀರಾಯ್ಡ್ ನಡೆಯುತ್ತಿರುವಾಗ ಸಿಟ್ಟು, ನಿದ್ರಾಹೀನತೆ, ವಿಪರೀತ ಉತ್ಸಾಹ ಬಂದರೆ ಅದು ಔಷಧದ್ದೂ ಇರಬಹುದು, ಸಕ್ಕರೆ ಪ್ರಮಾಣವೂ ಏರಿರಬಹುದು. ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನೂ ಅರ್ಜಿ ಕೊಟ್ಟು ಕೇಳಿ. ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ ನಿಯಮವಿದೆ. ಆ ಕಾಗದಗಳು ಮುಂದೆ ಬೇರೆಯದೇ ಕೆಲಸಕ್ಕೆ ಬರುತ್ತವೆ.

ನಮ್ಮ ಭಾಗದವರಿಗೆ ಇನ್ನೊಂದು ಮಾತು. ಕಾಲುವೆ ನೀರಿನ ಭತ್ತದ ಗದ್ದೆಗಳಿರುವ ಬಳ್ಳಾರಿ, ರಾಯಚೂರು, ಕೊಪ್ಪಳದ ಊರುಗಳಿಗೆ ಮೆದುಳು ಜ್ವರ ಹೊಸದಲ್ಲ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಆ ಕಾಯಿಲೆಯ ಸೊಳ್ಳೆ ಹುಟ್ಟುವುದೇ ಗದ್ದೆಯ ನಿಂತ ನೀರಿನಲ್ಲಿ. ವೈರಸ್ ನೇರವಾಗಿ ಮೆದುಳಿಗೇ ಹತ್ತಿದ್ದರೆ ಈ ಲೇಖನ ಸಾಲದು. ಅವರಿಗೆ ನರರೋಗ ತಜ್ಞರ ನಿಗಾ, ಅಪಸ್ಮಾರದ ಮಾತ್ರೆ, ಮಾತು ಮತ್ತು ಕೈಕಾಲಿನ ತರಬೇತಿ ಬೇಕಾಗಬಹುದು.

ಮೊದಲ ಎರಡು ವಾರ

ಹಗಲನ್ನು ಹಗಲಾಗಿಸಿ, ರಾತ್ರಿಯನ್ನು ರಾತ್ರಿಯಾಗಿಸಿ. ಬೆಳಿಗ್ಗೆ ಕಿಟಕಿ ತೆರೆಯಿರಿ, ಬಿಸಿಲು ಏರುವ ಮುಂಚೆ ಅಂಗಳದಲ್ಲಿ ಕೂರಿಸಿ. ಮಲಗಿದಲ್ಲಿಂದ ಕಾಣುವಂತೆ ಗಡಿಯಾರ, ದೊಡ್ಡ ಅಂಕಿಯ ಕ್ಯಾಲೆಂಡರ್. ಚಷ್ಮಾ, ಕಿವಿಯ ಯಂತ್ರ ಇದ್ದರೆ ಮೊದಲ ದಿನದಿಂದಲೇ ಕೊಡಿ. ಅಣ್ಣನ ಚಷ್ಮಾ ಆಸ್ಪತ್ರೆಯ ಚೀಲದಲ್ಲೇ ಐದು ದಿನ ಉಳಿದಿತ್ತು, ನಾವೋ ಅವನಿಗೆ ಮುಖಗಳ ಗುರುತು ಸಿಗುತ್ತಿಲ್ಲ ಎಂದು ಅಳುತ್ತಿದ್ದೆವು.

ನೀರು. ರಾಯಚೂರಿನ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಬಾಡಿದ ಮೈಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ನೀರು ಕಡಿಮೆಯಾದರೆ ಮಂಕು ಹೆಚ್ಚುತ್ತದೆ. ಮೂತ್ರಪಿಂಡ, ಹೃದಯದ ತೊಂದರೆ ಇದ್ದವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಲಿ. ಸೆಖೆಗೆ ಮಾಳಿಗೆಯ ಮೇಲೆ ಮಲಗುವ ರೂಢಿ ನಮ್ಮಲ್ಲಿದೆಯಲ್ಲ, ಅದನ್ನು ಈ ವರ್ಷ ಬಿಟ್ಟುಬಿಡಿ. ನಡುರಾತ್ರಿ ಎದ್ದು ಎಲ್ಲಿದ್ದೇನೆಂದು ತಿಳಿಯದೆ ನಡೆಯುವವರಿಗೆ ಮೊಣಕಾಲೆತ್ತರದ ಗೋಡೆ ತಡೆಯೇ ಅಲ್ಲ.

ನೋಡಲು ಬರುವವರಿಗೆ ಹತ್ತು ನಿಮಿಷ, ಒಮ್ಮೆಗೆ ಇಬ್ಬರು. 'ನಾನು ಯಾರು ಹೇಳು ನೋಡೋಣ' ಎಂಬ ಪರೀಕ್ಷೆಯನ್ನು ಬಾಗಿಲಲ್ಲೇ ನಿಷೇಧಿಸಿ. ಬಂದವರು ಒಳಗೆ ಬರುತ್ತಲೇ ತಮ್ಮ ಹೆಸರು ತಾವೇ ಹೇಳಿಕೊಳ್ಳಲಿ, 'ನಾನು ಲಿಂಗಸುಗೂರಿನ ಮಾವ' ಎಂದು. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎನ್ನುವವರೂ ಬರುತ್ತಾರೆ. ತಾಯಿತ ಕಟ್ಟಿದರೆ ಕಟ್ಟಿಕೊಳ್ಳಲಿ, ಅಮ್ಮನ ಸಮಾಧಾನಕ್ಕೆ ನಾವೂ ಒಂದು ಕಟ್ಟಿಸಿದೆವು. ಉಪವಾಸ, ಹೊಗೆ, ಮಾತ್ರೆ ಬಿಡುವುದು, ಈ ಮೂರಕ್ಕೆ ಮಾತ್ರ ಒಪ್ಪಬೇಡಿ.

ಕಿರ್ದಿ ಬರೆಯುವುದು

ಅಣ್ಣನನ್ನು ಕಾಡುತ್ತಿದ್ದದ್ದು ಮರೆವಿಗಿಂತ ಹೆಚ್ಚಾಗಿ ನೆನಪು. ಅದೂ ನಡೆಯದೇ ಇದ್ದದ್ದರ ನೆನಪು. ಹಮಾಲರು ತನ್ನನ್ನು ಹತ್ತಿಯ ಅಂಡಿಗೆಯೊಳಗೆ ಇಳಿಸಿ ಮೇಲಿಂದ ಹತ್ತಿ ಸುರಿದು ತುಳಿಯುತ್ತಿದ್ದರು, ಬಾಯಿಗೆ ಹೊಲಿಗೆ ಹಾಕುತ್ತಿದ್ದರು, ಕೈಗಳನ್ನು ಹಗ್ಗದಿಂದ ಕಟ್ಟಿದ್ದರು, ಅಂಗಡಿಯ ಸಾಹುಕಾರರು ಪಕ್ಕದಲ್ಲೇ ನಿಂತು ತೂಕ ಬರೆಸಿಕೊಳ್ಳುತ್ತಿದ್ದರು. ಹೇಳುವಾಗ ಅವನ ಅಂಗೈ ಬೆವರುತ್ತಿತ್ತು. ಕನಸು ಬಿಡು ಎಂದರೆ ಸಿಟ್ಟಾಗುತ್ತಿದ್ದ. ಇಪ್ಪತ್ತೆರಡು ವರ್ಷ ಅನ್ನ ಕೊಟ್ಟ ಸಾಹುಕಾರರು ಹಣ್ಣು ಹಿಡಿದು ನೋಡಲು ಬಂದರೆ ಮುಖ ಕೊಟ್ಟು ಮಾತನಾಡಲಿಲ್ಲ.

ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ದಾದಿಯರು ರೋಗಿಯ ಪರವಾಗಿ ಐಸಿಯು ದಿನಚರಿ ಬರೆದಿಡುವ ಪದ್ಧತಿ ದಶಕಗಳಿಂದ ಇದೆ. ಎಚ್ಚರವಾದ ಮೇಲೆ ಅದನ್ನು ಓದಿದವರಲ್ಲಿ ಆಘಾತದ ನೆನಪು ಮರುಕಳಿಸಿ ಕಾಡುವ ಕಾಯಿಲೆ (ಪಿಟಿಎಸ್‌ಡಿ) ಕಡಿಮೆಯಾಯಿತೆಂದು ಕೆಲವು ಅಧ್ಯಯನಗಳು ಹೇಳುತ್ತವೆ, ಎಲ್ಲವೂ ಹೇಳುವುದಿಲ್ಲ. 2021ರಲ್ಲಿ ನಮ್ಮನ್ನು ಐಸಿಯು ಬಾಗಿಲ ಹತ್ತಿರವೂ ಬಿಟ್ಟಿರಲಿಲ್ಲ. ಆದ್ದರಿಂದ ಹಿಂದಿನಿಂದ ಕಟ್ಟಿದೆವು. ಔಷಧ ಅಂಗಡಿಯ ರಸೀದಿಗಳು, ನನ್ನ ಮೊಬೈಲಿನ ಕರೆಗಳ ಪಟ್ಟಿ, ವಾರ್ಡಿನ ದಾದಿಯೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಎರಡು ಫೋಟೊ, ಆಸ್ಪತ್ರೆಯ ದಾಖಲೆ. ಇಷ್ಟನ್ನು ದಿನದ ಪ್ರಕಾರ ಜೋಡಿಸಿದೆವು.

ಪುಸ್ತಕ ಯಾವುದಾದರೂ ಆದೀತು. ನಾವು ಅವನ ಕೈಗೆ ಒಗ್ಗಿದ, ದಿನದ ಜಮಾ-ಖರ್ಚು ಬರೆಯುವ ಉದ್ದನೆಯ ಕಿರ್ದಿ ಪುಸ್ತಕವನ್ನೇ ತಂದೆವು. ಜಮಾ ಕಡೆ ಆ ದಿನ ನಡೆದದ್ದು, ಖರ್ಚಿನ ಕಡೆ ಅವನಿಗೆ ಕಂಡದ್ದು. ಮೇ 14, ಜಮಾ: ಗಂಟಲಿಗೆ ನಳಿಕೆ ಹಾಕಿದರು, ಕಿತ್ತುಕೊಳ್ಳದಂತೆ ಮಣಿಕಟ್ಟನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದರು, ನಳಿಕೆ ಜಾರದಂತೆ ತುಟಿಯ ಮೇಲೆ ಪಟ್ಟಿ ಅಂಟಿಸಿದರು. ಖರ್ಚು: ಹಗ್ಗ, ಹೊಲಿಗೆ, ಅಂಡಿಗೆ. ಎರಡೂ ಕಡೆಯನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಬೆರಳಿನಿಂದ ತುಟಿಯ ಮೂಲೆಯ ಕಲೆ ಮುಟ್ಟಿಕೊಂಡು, 'ಹೊಲಿಗೆ ಇದಾ?' ಎಂದ. ಸಾಹುಕಾರರ ವಿಷಯ ಇತ್ಯರ್ಥವಾಗಲು ಮತ್ತೆ ಮೂರು ವಾರ ಬೇಕಾಯಿತು.

ಮಾಡುವಾಗ ಕೆಲವು ಎಚ್ಚರ. ಅವರಾಗಿ ಕೇಳುವವರೆಗೆ ಪುಸ್ತಕ ತೆರೆಯಬೇಡಿ. ಬಲವಂತವಾಗಿ ನೆನಪಿಸುವುದು ಕೆಡುಕನ್ನೇ ಮಾಡುತ್ತದೆ. ಹಗಲಿನಲ್ಲೇ ಓದಿ, ದಿನಕ್ಕೆ ಒಂದು ಪುಟ ಸಾಕು. ಒಬ್ಬರು ಪಕ್ಕದಲ್ಲಿರಲಿ. ಎದೆ ಹೊಡೆದುಕೊಂಡರೆ, ಬೆವರಿದರೆ ಮುಚ್ಚಿಟ್ಟು ಬೇರೆ ಮಾತು ತೆಗೆಯಿರಿ. ಅವರಿಗೆ ಕಂಡದ್ದನ್ನು ಸುಳ್ಳು ಎನ್ನಬೇಡಿ, 'ನಿನಗೆ ಹಾಗೆ ಕಂಡಿತು, ನಮಗೆ ಗೊತ್ತಿರುವುದು ಹೀಗೆ' ಎನ್ನಿ.

ರಾತ್ರಿ ಬೆಚ್ಚಿ ಎದ್ದರೆ ದೀಪ ಹಾಕಿ, ಹೆಸರು ಹಿಡಿದು ಕರೆಯಿರಿ, ಯಾವ ಊರು, ಯಾರ ಮನೆ, ಯಾರು ಪಕ್ಕದಲ್ಲಿದ್ದಾರೆ ಎಂದು ಹೇಳಿ. ಪಾದ ನೆಲಕ್ಕೆ ತಾಗಿಸಿ ಕೂರಿಸಿ. ಮೈ ಹಿಡಿದು ಅಲ್ಲಾಡಿಸಬೇಡಿ. ಕಟ್ಟಿಹಾಕಿದ್ದ ನೆನಪು ಇರುವವರು ಕೈ ಬೀಸುತ್ತಾರೆ. ನನ್ನ ಚಷ್ಮಾ ಮುರಿದದ್ದು ಹಾಗೆಯೇ.

ಬುದ್ಧಿಗೆ ಕೆಲಸ ಕೊಡುವುದು

ಮೊದಲು ಎಲ್ಲಿ ಎಡವುತ್ತಾರೆ ಎಂದು ನೋಡಿ. ಎಲ್ಲವನ್ನೂ ಮರೆವು ಎಂದು ಕರೆದುಬಿಡುತ್ತೇವೆ, ಆದರೆ ಅದು ಒಂದೇ ಬಗೆಯದಲ್ಲ. ಚಹಾ ಇಟ್ಟ ಅಣ್ಣನನ್ನು ಅತ್ತಿಗೆ ಏನೋ ಕೇಳಿದಳು, ಉತ್ತರ ಹೇಳುವಷ್ಟರಲ್ಲಿ ಹಾಲು ಉಕ್ಕಿತು: ಅದು ಗಮನದ ತೊಂದರೆ. ಬೆಳಿಗ್ಗೆ ಹೇಳಿದ್ದು ಸಂಜೆ ಇಲ್ಲ: ಅದು ನೆನಪಿನದು. ಬ್ಯಾಂಕಿಗೆ ಹೊರಟು ನಿಂತ, ಪಾಸ್‌ಬುಕ್ ಮೊದಲೋ, ಚಪ್ಪಲಿಯೋ, ಆಟೊ ಕರೆಯುವುದೋ ತಿಳಿಯದೆ ಹೊಸ್ತಿಲಲ್ಲೇ ಕಾಲು ಗಂಟೆ: ಅದು ಕೆಲಸವನ್ನು ಸಾಲಾಗಿ ಜೋಡಿಸುವ ಶಕ್ತಿಯದು.

ಗಮನಕ್ಕೆ ಮದ್ದು, ಒಮ್ಮೆಗೆ ಒಂದೇ ಕೆಲಸ. ಟಿವಿ ಆರಿಸಿ ಮಾತನಾಡಿ. ನೆನಪಿಗೆ ಬರವಣಿಗೆ: ಜೇಬಿನಲ್ಲಿ ಸಣ್ಣ ಪುಸ್ತಕ, ಮೊಬೈಲಿನಲ್ಲಿ ಅಲಾರಂ, ಕೀಲಿಕೈಗೆ ಒಂದೇ ಮೊಳೆ. ಇದನ್ನು ಊರುಗೋಲು ಎಂದು ಕೀಳಾಗಿ ಕಾಣುವ ಅಗತ್ಯವಿಲ್ಲ, ಅಂಗಡಿಯಲ್ಲಿ ಯಾವ ಗುಮಾಸ್ತನೂ ಬಾಯಿಲೆಕ್ಕದ ಮೇಲೆ ವ್ಯಾಪಾರ ನಡೆಸುವುದಿಲ್ಲ. ಜೋಡಿಸುವ ಶಕ್ತಿಗೆ, ಕೆಲಸವನ್ನು ಬಿಡಿಬಿಡಿಯಾಗಿ ಬರೆದು ಒಂದೊಂದನ್ನೇ ಗೀಟು ಹಾಕಿಸಿ.

ಅಭ್ಯಾಸಕ್ಕೆ ವಿಶೇಷ ಆ್ಯಪ್ ಬೇಕಿಲ್ಲ. ನಾವು ಮಾಡಿಸಿದ್ದು ಹೀಗೆ: ಮೊದಲ ತಿಂಗಳು ಶೇಂಗಾ ಸುಲಿಯುವುದು, ತೊಗರಿಬೇಳೆಯಲ್ಲಿ ಕಲ್ಲು ಆರಿಸುವುದು, ಪತ್ರಿಕೆಯ ಒಂದು ತಲೆಬರಹ ಓದಿ ಅರ್ಧ ಗಂಟೆಯ ಮೇಲೆ ಹೇಳುವುದು. ಎರಡನೆಯ ತಿಂಗಳು ಮಗಳ ಜೊತೆ ಚೌಕಾಬಾರ, ಐದು ಸಾಮಾನಿನ ಚೀಟಿ ಹಿಡಿದು ಕಿರಾಣಿ ಅಂಗಡಿಗೆ. ಅತ್ತಿಗೆ ಸುಸಲ ಮಾಡುವಾಗ ಮಂಡಕ್ಕಿ ನೆನೆಸಿ ಹಿಂಡುವುದರಿಂದ ಒಗ್ಗರಣೆಯವರೆಗೆ ಕ್ರಮವಾಗಿ ಹೇಳುತ್ತ ಮಾಡುವ ಕೆಲಸವನ್ನು ಅವನಿಗೆ ಒಪ್ಪಿಸಿದಳು. ಮೊದಲ ಸಲ ಮಂಡಕ್ಕಿ ಮುದ್ದೆಯಾಯಿತು, ತಿಂದೆವು.

ದಣಿವಿಗೆ ಮುಂಚೆ ನಿಲ್ಲಿಸಿ. ಹತ್ತು ನಿಮಿಷ ಕೆಲಸ, ಹತ್ತು ನಿಮಿಷ ವಿಶ್ರಾಂತಿ. ಒಂದು ದಿನ ಚೆನ್ನಾಗಿದ್ದರೆಂದು ಮರುದಿನ ಎರಡರಷ್ಟು ಹೇರಿದರೆ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಮೆಲ್ಲನೆಯ ನಡಿಗೆ ಕಾಲಿಗೂ ಮನಸ್ಸಿಗೂ ಒಳ್ಳೆಯದು. ಎಷ್ಟು ದೂರ ಎಂಬುದನ್ನು ಶ್ವಾಸಕೋಶ ನೋಡಿದ ವೈದ್ಯರು ಹೇಳಲಿ. ಊಟದಲ್ಲಿ ರೊಟ್ಟಿಯ ಜೊತೆ ಕಾಳು, ಮೊಟ್ಟೆ, ಮೊಸರು, ಶೇಂಗಾ ಪುಡಿ ತಪ್ಪದಿರಲಿ, ಮಲಗಿದಲ್ಲಿ ಕರಗಿದ ಮಾಂಸಖಂಡ ಬರಿಯ ಗಂಜಿಗೆ ಬೆಳೆಯುವುದಿಲ್ಲ.

ಹಣದ ವಿಷಯದಲ್ಲಿ ಆರು ತಿಂಗಳು ಕಟ್ಟುನಿಟ್ಟಾಗಿರಿ. ಹೊಲದ ಕಾಗದ, ಸಾಲಪತ್ರ, ಜಾಮೀನು ಯಾವುದಕ್ಕೂ ಒಬ್ಬರೇ ಸಹಿ ಹಾಕದಿರಲಿ. ಒಟಿಪಿ ಕೇಳುವ ಕರೆಗಳಿಗೆ ಇಂಥವರೇ ಸುಲಭದ ತುತ್ತು. ಬೈಕು ಕೂಡ ವೈದ್ಯರು ಹೂಂ ಎನ್ನುವವರೆಗೆ ಬೇಡ, ಅಪಸ್ಮಾರ ಬಂದಿದ್ದರೆ ಮಾತೇ ಇಲ್ಲ.

ಎಲ್ಲಿಗೆ ಹೋಗಬೇಕು, ಯಾವಾಗ ಓಡಬೇಕು

ಆಸ್ಪತ್ರೆ ಬಿಟ್ಟ ಎರಡು ಮೂರು ತಿಂಗಳಿಗೆ ಒಮ್ಮೆ ಮನಸ್ಸು ಮತ್ತು ನೆನಪಿನ ತಪಾಸಣೆ ಮಾಡಿಸಿ, ಚೆನ್ನಾಗಿದ್ದರೂ ಸರಿ. ಮೋಕಾ ಎಂಬ ಮೂವತ್ತು ಅಂಕಗಳ ಸಣ್ಣ ಪರೀಕ್ಷೆ ಇದೆ, ಗಡಿಯಾರದ ಚಿತ್ರ ಬರೆಸುತ್ತಾರೆ, ಪದಗಳನ್ನು ಹೇಳಿ ಮತ್ತೆ ಕೇಳುತ್ತಾರೆ. ಓದು ಕಡಿಮೆ ಇದ್ದವರಿಗೆ ಅಂಕ ತಾನಾಗಿಯೇ ಕಡಿಮೆ ಬರುತ್ತದೆ, ಅದನ್ನು ವೈದ್ಯರಿಗೆ ನೆನಪಿಸಿ. ಥೈರಾಯ್ಡ್, ಬಿ12, ಸೋಡಿಯಂ, ಸಕ್ಕರೆ ನೋಡಿಸಿ. ಇವು ಕೆಟ್ಟರೂ ಮಂಕು ಬರುತ್ತದೆ, ಇವಕ್ಕೆ ಮದ್ದಿದೆ. ಖಿನ್ನತೆಯೂ ಮರೆವಿನ ವೇಷ ಹಾಕಿಕೊಂಡು ಬರುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಮನೋವೈದ್ಯ ವಿಭಾಗವನ್ನು ಕೇಳಿ ಹೋಗಿ. ಹುಚ್ಚಾಸ್ಪತ್ರೆ ಎಂದು ಹಿಂಜರಿಯುವವರಿಗೆ ಒಂದು ಸಂಗತಿ: ಮನಸ್ಸಿನ ಕಾಯಿಲೆಗೆ ದೂರದ ಊರಿಗೆ ಹೋಗದೆ ಜಿಲ್ಲೆಯಲ್ಲೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಔಷಧ ಸಿಗಬೇಕೆಂಬ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ನೋಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹೊರಗಿನವರು ಬಳ್ಳಾರಿ ಎಂದರೆ ಗಣಿ ಎನ್ನುತ್ತಾರೆ, ನಾವಾದರೂ ಇದನ್ನು ಹೇಳಿಕೊಳ್ಳಬಹುದು. ಹೋಗಲಾಗದವರು 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಆದರೆ ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಅಪಸ್ಮಾರ ಬಂದರೆ, ಜ್ವರದ ಜೊತೆ ಗೊಂದಲ ಮರಳಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಕಾಯಬೇಡಿ, 108. 'ನಾನು ಉಳಿಯಬಾರದಿತ್ತು' ಎಂಬ ಮಾತನ್ನೂ ಇದೇ ಸಾಲಿಗೆ ಸೇರಿಸಿ. ಹಾಗೆ ಅಂದವರನ್ನು ಒಂಟಿಯಾಗಿ ಬಿಡಬೇಡಿ, ಕ್ರಿಮಿನಾಶಕದ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ.

ಕಾಯುವವರನ್ನು ಕಾಯುವವರು

ಅತ್ತಿಗೆ ರಾತ್ರಿ ನಾಲ್ಕು ಸಲ ಎದ್ದು ಮಲಗಿದ್ದವನ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಿದ್ದಳು. ಅವನು ಚೇತರಿಸಿಕೊಂಡ ಮೇಲೂ ನೋಡುತ್ತಿದ್ದಳು. ಫೋನ್ ರಿಂಗಾದರೆ ಕೈ ನಡುಗುತ್ತಿತ್ತು, ಏಕೆಂದರೆ ಆ ಹದಿನೇಳು ದಿನ ಫೋನಿನಲ್ಲೇ ಸುದ್ದಿ ಬರುತ್ತಿತ್ತು. ಮನೆಯವರಿಗೂ ಇದು ಬರುತ್ತದೆಂದು ವೈದ್ಯರು ಹೇಳುತ್ತಾರೆ. ವಾರಕ್ಕೆ ಎರಡು ರಾತ್ರಿ ಬೇರೆಯವರು ಪಕ್ಕದಲ್ಲಿ ಮಲಗುವಂತೆ ಪಾಳಿ ಹಾಕಿ. ನಾವು ಹಾಕಿದ್ದು ತಡವಾಗಿ. ಅವಳನ್ನೂ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು.

ಕೆಲಸಕ್ಕೆ ಮರಳುವುದು

ಅಕ್ಟೋಬರ್ ಬಂದರೆ ಗಂಜ್‌ಗೆ ಹತ್ತಿ ಬರುತ್ತದೆ, ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ತೆರೆಯುತ್ತಾರೆ. ಅಣ್ಣನಿಗೆ ಅಷ್ಟರೊಳಗೆ ಕುರ್ಚಿಯಲ್ಲಿ ಕೂರುವ ಹಟ. ಮನೋವೈದ್ಯರು ಒಪ್ಪಿದ್ದು ಅರ್ಧ ದಿನಕ್ಕೆ, ಅದೂ ಸುಗ್ಗಿಯ ಗದ್ದಲಕ್ಕೆ ಮುಂಚೆ ಎರಡು ವಾರ ಖಾಲಿ ಅಂಗಡಿಯಲ್ಲಿ ಕೂತು ಅಭ್ಯಾಸ ಮಾಡಿಕೊಂಡ ಮೇಲೆ. ಮಾಲೀಕರೊಂದಿಗೆ ಮನೆಯವರೇ ಮೊದಲು ಹೋಗಿ ಮಾತನಾಡುವುದು ಒಳ್ಳೆಯದು: ಎಷ್ಟು ಗಂಟೆ, ಯಾವ ಕೆಲಸ, ತಪ್ಪಾದರೆ ಯಾರು ತಿದ್ದುತ್ತಾರೆ. ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಬರೆಯುವುದನ್ನು, ನಗದು ಎಣಿಸುವುದನ್ನು ಕೊನೆಗೆ ಇಟ್ಟುಕೊಂಡೆವು. ತೂಕದ ಚೀಟಿಗಳನ್ನು ದಿನದ ಪ್ರಕಾರ ಜೋಡಿಸುವುದರಿಂದ ಶುರು.

ಪಾಡ್ಯದ ದಿನ ಪೂಜೆಯಾದ ಮೇಲೆ ಹೊಸ ಕಿರ್ದಿಯ ಮೊದಲ ಪುಟವನ್ನು ಸಾಹುಕಾರರು ಅವನ ಮುಂದೆಯೇ ಇಟ್ಟರು. ಅವನು ಶ್ರೀಕಾರ ಬರೆದು, ಮೊತ್ತದ ಸಾಲು ಬಂದಾಗ ನಿಲ್ಲಿಸಿ, ಪಕ್ಕದ ಹುಡುಗನಿಗೆ ಪುಸ್ತಕ ಸರಿಸಿದ. ಈಗ ಪೂರ್ತಿ ದಿನ ಕೂರುತ್ತಾನೆ. ಪ್ರತಿ ಮೊತ್ತವನ್ನೂ ಎರಡು ಸಲ ಕೂಡುತ್ತಾನೆ, ಒಮ್ಮೆ ಮೇಲಿನಿಂದ ಕೆಳಕ್ಕೆ, ಒಮ್ಮೆ ಕೆಳಗಿನಿಂದ ಮೇಲಕ್ಕೆ.